ಆಟದ ಕಂಪ್ಯೂಟರು ಯಾರ ಲೆಕ್ಕಕ್ಕೆ?

ಶನಿವಾರದ ಸಂಜೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ದೆಹಲಿಯ ನೆಹರೂ ಪ್ಲೇಸಿನಲ್ಲಿ, ಚೆನ್ನೈನ ರಿಚಿ ಸ್ಟ್ರೀಟಿನಲ್ಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಒಂದೇ ಬಗೆಯ ದೃಶ್ಯ ಕಾಣಸಿಗುತ್ತದೆ. ಹದಿನೇಳು ಹದಿನೆಂಟರ ಮಗ ಪಟ್ಟಿ ಹಿಡಿದು ಮುಂದೆ ನಡೆಯುತ್ತಾನೆ; ತಂದೆ ಹಿಂದಿನಿಂದ ಬರುತ್ತಾರೆ. ಪಟ್ಟಿಯಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಕೂಲರ್, ಗಾಜಿನ ಬದಿಯ ಕ್ಯಾಬಿನೆಟ್. ತಿಂಗಳುಗಟ್ಟಲೆ ಮನೆಯಲ್ಲಿ ನಡೆದ ವಾದ, ಮುನಿಸು, ಪರೀಕ್ಷೆಯ ಅಂಕಗಳ ಷರತ್ತು ಎಲ್ಲವೂ ಮುಗಿದು ಖರೀದಿಯ ದಿನ ಬಂದಿರುತ್ತದೆ. ಅಂಗಡಿಯವನು ಮೊತ್ತ ಕೂಡಿಸಿ ಕೊನೆಯ ಪ್ರಶ್ನೆ ಕೇಳುತ್ತಾನೆ: “ಬಿಲ್ ಯಾರ ಹೆಸರಿಗೆ? ಜಿಎಸ್‌ಟಿ ನಂಬರು ಇದೆಯೇ?” ತಂದೆ ಯೋಚಿಸುವುದಿಲ್ಲ. ತಮ್ಮ ವ್ಯಾಪಾರ ಸಂಸ್ಥೆಯ ಹದಿನೈದು ಅಕ್ಷರ, ಅಂಕಿಗಳ ನೋಂದಣಿ ಸಂಖ್ಯೆಯನ್ನು ಬಾಯಿಪಾಠ ಒಪ್ಪಿಸಿಬಿಡುತ್ತಾರೆ.

ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ಜೈನ ಕುಟುಂಬಗಳಲ್ಲಿ ಈ ಖರೀದಿಯ ಬಗ್ಗೆ ನಡೆಯುವ ಚರ್ಚೆಯೆಲ್ಲ ಮಗನ ಸುತ್ತಲೇ ಸುತ್ತುತ್ತದೆ. ಆಟದಲ್ಲಿ ಹಿಂಸೆಯಿದೆ, ನಿದ್ರೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ ಎಂಬ ಮಾತುಗಳು ಬಸದಿಯ ಅಂಗಳದವರೆಗೂ ಬರುತ್ತವೆ. ಆ ಮಾತುಗಳು ಸುಳ್ಳಲ್ಲ. ಆದರೆ ಆ ಸಂಜೆ ನಿಜವಾಗಿ ವ್ರತಭಂಗವಾದದ್ದು ಅಂಗಡಿಯ ಗಲ್ಲದ ಮುಂದೆ, ಮಾಡಿದವರು ತಂದೆ. ಅದರ ಬಗ್ಗೆ ಸಮಾಜದಲ್ಲಿ ಚರ್ಚೆಯೇ ಇಲ್ಲ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಕಂಪ್ಯೂಟರು ತನ್ನಷ್ಟಕ್ಕೇ ದುಂದುಗಾರಿಕೆಯ ಗುರುತಲ್ಲ. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಮೂರು ವರ್ಷದ ಮೇಲೆ ಗ್ರಾಫಿಕ್ಸ್ ಕಾರ್ಡು ಹಳತಾಯಿತೆನ್ನಿಸಿದರೆ ಉಳಿದದ್ದನ್ನೆಲ್ಲ ಎಸೆಯಬೇಕಿಲ್ಲ. ಕೂಡಿಸಿ ಅಂಟಿಸಿದ, ರಿಪೇರಿಗೆ ಬಗ್ಗದ ಎಷ್ಟೋ ಉಪಕರಣಗಳಿಗಿಂತ ಇದು ಮಿತವ್ಯಯಕ್ಕೆ ಹತ್ತಿರ. ತನ್ನ ಕೈಯಾರೆ ಯಂತ್ರ ಜೋಡಿಸಿದ ಹುಡುಗನಿಗೆ ವಿದ್ಯುತ್ತು, ಶಾಖ, ವೇಗ, ಬೆಲೆ ಇವುಗಳ ಸಂಬಂಧ ಪಠ್ಯಪುಸ್ತಕದಲ್ಲಿ ಓದಿದವನಿಗಿಂತ ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ ಇರುವುದು ಮಿತಿಯಲ್ಲಿ. ಎನ್‌ವಿಡಿಯಾ ಸಂಸ್ಥೆ 2025ರ ಜನವರಿಯಲ್ಲಿ ಘೋಷಿಸಿದ ಕಾರ್ಡುಗಳನ್ನೇ ನೋಡಬಹುದು. ಭಾರತಕ್ಕೆ ಅದು ಸೂಚಿಸಿದ ಆರಂಭಿಕ ಬೆಲೆ ಆರ್‌ಟಿಎಕ್ಸ್ 5070 ಕಾರ್ಡಿಗೆ ರೂ. 59,000, ಆರ್‌ಟಿಎಕ್ಸ್ 5090ಕ್ಕೆ ರೂ. 2,14,000. ಮೊದಲನೆಯದು ಬೇಡುವ ವಿದ್ಯುತ್ತು 250 ವಾಟ್, ಎರಡನೆಯದು 575 ವಾಟ್. ದೊಡ್ಡ ಕಾರ್ಡು ಬಂದರೆ ಅದರ ಹಿಂದೆ 1000 ವಾಟಿನ ವಿದ್ಯುತ್ ಪೂರೈಕೆ ಘಟಕ, ದೊಡ್ಡ ಕ್ಯಾಬಿನೆಟ್, ಹೆಚ್ಚಿನ ಕೂಲರ್, ಅದಕ್ಕೊಪ್ಪುವ ಮಾನಿಟರ್ ಸಾಲುಗಟ್ಟಿ ಬರುತ್ತವೆ. ಬೆಲೆ ಮೂರೂವರೆ ಪಟ್ಟು ಏರಿದರೂ ಸಾಧಾರಣ ಮಾನಿಟರಿನ ಮುಂದೆ ಕುಳಿತ ಹುಡುಗನ ಆನಂದ ಮೂರೂವರೆ ಪಟ್ಟು ಏರುವುದಿಲ್ಲ. ಇಡೀ ಯಂತ್ರ 800 ವಾಟ್ ಎಳೆಯುತ್ತ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 96 ಯೂನಿಟ್ ವಿದ್ಯುತ್ತು ಕರಗುತ್ತದೆ. ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಪೃಥ್ವಿಕಾಯ, ತೇಜಸ್ಕಾಯ ಜೀವಗಳ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೃಹಸ್ಥನಿಗೆ ಧರ್ಮ ವಿಧಿಸಿದ್ದು ಸರ್ವಸಂಗ ಪರಿತ್ಯಾಗವನ್ನಲ್ಲ, ಪರಿಮಾಣವನ್ನು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಪರಿಗ್ರಹದ ಮೂಲವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ ಗುರುತಿಸುತ್ತದೆ. ಒಮ್ಮೆ ಬಳಸಿ ಮುಗಿಯುವ ಅನ್ನ ಭೋಗ. ಮತ್ತೆ ಮತ್ತೆ ಬಳಸುವ ಬಟ್ಟೆ, ಒಡವೆ ಉಪಭೋಗ. ಕಂಪ್ಯೂಟರು ಈ ಎರಡನೆಯ ಸಾಲಿಗೆ ಸೇರುತ್ತದೆ. ಅದಕ್ಕೂ ಮಿತಿ ಗೊತ್ತುಪಡಿಸಬೇಕು. ಈ ವ್ರತದ ಜಾಣತನವಿರುವುದು ಮಿತಿಯನ್ನು ಮೊದಲೇ ಗೊತ್ತುಪಡಿಸುವುದರಲ್ಲಿ. ಅಂಗಡಿಗೆ ಹೋದ ಮೇಲೆ ಪಟ್ಟಿ ಬೆಳೆಯುತ್ತದೆ. ಇನ್ನು ಐದು ಸಾವಿರ ಹಾಕಿದರೆ ಇದು, ಇನ್ನು ಎಂಟು ಸಾವಿರಕ್ಕೆ ಅದು ಎನ್ನುತ್ತ ಮೊತ್ತ ಮೆಟ್ಟಿಲೇರುತ್ತದೆ. ‘ಬಡ್ಡಿಯಿಲ್ಲದ ಕಂತು’ ಎಂಬ ಆಮಿಷವೂ ಅಲ್ಲಿಯೇ ಕಾದಿರುತ್ತದೆ. ನಗದಿಗೆ ಸಿಗಬಹುದಾಗಿದ್ದ ರಿಯಾಯಿತಿ ತಪ್ಪಿಹೋದದ್ದು, ಬಡ್ಡಿಯ ಮೇಲೆ ಬ್ಯಾಂಕು ಹಾಕುವ 18 ಶೇಕಡಾ ಜಿಎಸ್‌ಟಿ ಆಮೇಲೆ ತಿಳಿಯುತ್ತವೆ. ಮನೆಯಲ್ಲಿ ಕುಳಿತು ಬರೆದಿಟ್ಟ ಒಂದು ಅಂಕಿ ಇದ್ದರೆ ಈ ಮೆಟ್ಟಿಲುಗಳಿಗೆ ತಡೆ ಬೀಳುತ್ತದೆ.

ಇನ್ನು ಹಿಂಸೆಯ ಮಾತು. ತೆರೆಯ ಮೇಲೆ ಗುಂಡು ಹಾರಿಸುವ ಹುಡುಗನಿಗೆ ಹಿರಿಯರು ಹೇಳುವ ಕಥೆ ಜನ್ನನ ಯಶೋಧರ ಚರಿತೆಯದು. 1209ರಲ್ಲಿ ರಚಿತವಾದ ಈ ಕಾವ್ಯದ ನಾಯಕ ಯಶೋಧರ ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಜೀವವಿಲ್ಲದ ಹಿಟ್ಟಿನ ಮೇಲೆ ಕತ್ತಿ ಬಿದ್ದರೂ ಸಂಕಲ್ಪ ಹಿಂಸೆಯದೇ ಆದ್ದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ತೆರೆಯ ಮೇಲಿನ ಶತ್ರುವೂ ಹಿಟ್ಟಿನ ಕೋಳಿಯೇ ಎಂಬ ಎಚ್ಚರಿಕೆಗೆ ಹುರುಳಿದೆ. ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ಅಪಧ್ಯಾನವನ್ನು ಸೇರಿಸಿದ್ದೂ ಇಂಥದ್ದನ್ನೇ ಮನಸ್ಸಿನಲ್ಲಿಟ್ಟುಕೊಂಡು. ಇನ್ನೊಬ್ಬರ ಕೇಡನ್ನು ಸುಮ್ಮನೆ ಕುಳಿತು ಚಿಂತಿಸುವುದೂ ಪ್ರಯೋಜನವಿಲ್ಲದ ಪಾಪ. ಆದರೆ ಎಲ್ಲ ಆಟಗಳೂ ಕೊಲ್ಲುವ ಆಟಗಳಲ್ಲ. ಕಾರು ಓಡಿಸುವ, ಊರು ಕಟ್ಟುವ, ಚೆಂಡು ಒದೆಯುವ, ಒಗಟು ಬಿಡಿಸುವ ಆಟಗಳೂ ಅದೇ ಯಂತ್ರದಲ್ಲಿ ಓಡುತ್ತವೆ. ಯಾವುದನ್ನು ಆಡಬೇಕೆಂಬ ಆಯ್ಕೆಯನ್ನು ಮಗನ ಜೊತೆ ಕುಳಿತು ಮಾಡಬಹುದು. ಆ ಮಾತು ಅವನ ಮನಸ್ಸಿಗೆ ಇಳಿಯಬೇಕಾದರೆ ಹೇಳುವವರ ಕೈ ಶುದ್ಧವಾಗಿರಬೇಕು.

ಈಗ ಗಲ್ಲದ ಮುಂದಿನ ಲೆಕ್ಕ. ಯಂತ್ರದ ಬೆಲೆ ರೂ. 3,00,000, ಅದರ ಮೇಲೆ 18 ಶೇಕಡಾ ಜಿಎಸ್‌ಟಿ ರೂ. 54,000, ಒಟ್ಟು ರೂ. 3,54,000 ಎಂದುಕೊಳ್ಳೋಣ. ಬಿಲ್ಲು ಪಾಲುದಾರಿಕೆ ಸಂಸ್ಥೆಯ ಹೆಸರಿಗೆ ಬಂದರೆ ರೂ. 54,000 ಹುಟ್ಟುವಳಿ ತೆರಿಗೆ ಜಮೆಯಾಗಿ ಹಿಂದಿರುಗುತ್ತದೆ. ಕಂಪ್ಯೂಟರಿನ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿಯ ದರ 40 ಶೇಕಡಾ. ಯಂತ್ರ ಆ ವರ್ಷ 180 ದಿನಗಳಿಗೆ ಕಡಿಮೆಯಿಲ್ಲದಂತೆ ಬಳಕೆಯಾಗಿದ್ದರೆ ರೂ. 1,20,000 ಖರ್ಚೆಂದು ಬರೆಯಬಹುದು. 30 ಶೇಕಡಾ ದರದಲ್ಲಿ ಅದರಿಂದ ಉಳಿಯುವ ತೆರಿಗೆ ರೂ. 36,000. ಎರಡೂ ಸೇರಿ ಮೊದಲ ವರ್ಷವೇ ರೂ. 90,000. ಯಂತ್ರವಿರುವುದು ಮಗನ ಕೋಣೆಯಲ್ಲಿ. ಪುಸ್ತಕದಲ್ಲಿ ಅದು ‘ಕಚೇರಿ ಉಪಕರಣ’.

ಕಾನೂನಿನಲ್ಲಿ ಇದಕ್ಕೆ ಅಸ್ಪಷ್ಟತೆಯೇನೂ ಇಲ್ಲ. ಸ್ವಂತ ಬಳಕೆಗೆ ಕೊಂಡ ವಸ್ತುವಿನ ಮೇಲಿನ ತೆರಿಗೆಯನ್ನು ಜಮೆಯಾಗಿ ಪಡೆಯುವುದನ್ನು ಜಿಎಸ್‌ಟಿ ಕಾಯ್ದೆಯ 17(5) ಪ್ರಕರಣ ತಡೆಯುತ್ತದೆ. ತಪ್ಪಾಗಿ ಪಡೆದು ಬಳಸಿದ ಜಮೆಗೆ ವಾರ್ಷಿಕ 18 ಶೇಕಡಾ ಬಡ್ಡಿಯಿದೆ, ದಂಡ ಬೇರೆ. ಅರ್ಧ ವ್ಯಾಪಾರಕ್ಕೆ ಅರ್ಧ ಮನೆಗೆ ಬಳಸುವ ಆಸ್ತಿಯ ಸವಕಳಿಯನ್ನು ಆ ಪ್ರಮಾಣಕ್ಕೆ ಇಳಿಸಬೇಕೆಂದು ಆದಾಯ ತೆರಿಗೆ ಕಾನೂನೂ ಹೇಳುತ್ತದೆ.

ಕಾನೂನಿಗಿಂತ ಹಳೆಯದಾದ ಮಾತೊಂದು ತತ್ತ್ವಾರ್ಥಸೂತ್ರದಲ್ಲಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಒಂದು: ಸುಳ್ಳು ಬರಹವನ್ನು ಸೃಷ್ಟಿಸುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಒಂದು: ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು. ವ್ಯಾಪಾರವನ್ನೇ ಬದುಕಾಗಿಸಿಕೊಂಡ ಶ್ರಾವಕರು ಎಲ್ಲಿ ಜಾರುತ್ತಾರೆಂಬುದನ್ನು ಆಚಾರ್ಯರು ಅಷ್ಟು ನಿಖರವಾಗಿ ಕಂಡಿದ್ದರು. ಮಗನ ಆಟದ ಯಂತ್ರಕ್ಕೆ ಸಂಸ್ಥೆಯ ಹೆಸರಿನ ಬಿಲ್ಲು ಮಾಡಿಸಿದರೆ ಒಂದೇ ಕಾಗದದಲ್ಲಿ ಎರಡು ವ್ರತಗಳಿಗೆ ದೋಷ ತಟ್ಟುತ್ತದೆ. ಸಪ್ತವ್ಯಸನಗಳ ಪಟ್ಟಿಯಲ್ಲೂ ಜೂಜು, ಬೇಟೆಗಳ ಜೊತೆಗೇ ಕಳವು ಇದೆ. ಮೊದಲೆರಡನ್ನು ಮಗನ ತೆರೆಯ ಮೇಲೆ ಹುಡುಕುವ ಕಣ್ಣು ಮೂರನೆಯದನ್ನು ತನ್ನ ಖಾತೆಯಲ್ಲಿ ಕಾಣುವುದಿಲ್ಲ.

ಸಮರ್ಥನೆಗಳು ಸಿದ್ಧವಾಗಿಯೇ ಇವೆ. ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬುದು ಮೊದಲನೆಯದು. ಅದೇ ಯಂತ್ರದಲ್ಲಿ ಟ್ಯಾಲಿಯನ್ನೂ ಹಾಕಿಸಿದ್ದೇವೆ ಎಂಬುದು ಎರಡನೆಯದು. ಟ್ಯಾಲಿಗೆ 32 ಜಿಬಿ ಸ್ಮೃತಿಯ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲವೆಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಮೂರನೆಯದು ಹೆಚ್ಚು ಸೂಕ್ಷ್ಮ: ಯಾರ ಜೇಬಿಗೂ ಕೈ ಹಾಕಿಲ್ಲ, ಇದು ಬರಿಯ ಕಾಗದದ ಹೊಂದಾಣಿಕೆ, ಕಳ್ಳತನವಲ್ಲ. ಯಶೋಧರನೂ ಹಾಗೆಯೇ ಅಂದುಕೊಂಡಿದ್ದ. ಜೀವ ತೆಗೆಯಲಾರೆ, ಹಿಟ್ಟಿನ ಕೋಳಿಯಾದರೆ ಆದೀತು ಎಂದು. ಮಗನಿಗೆ ಹೇಳುವ ಕಥೆ ತಂದೆಗೇ ಹೆಚ್ಚು ಅನ್ವಯಿಸುತ್ತದೆ. ಸುಳ್ಳು ಬಿಲ್ಲು ವ್ಯಾಪಾರಸ್ಥನ ಹಿಟ್ಟಿನ ಕೋಳಿ.

ಇದರಲ್ಲೊಂದು ರಾಜಕೀಯ ಪ್ರಶ್ನೆಯೂ ಅಡಗಿದೆ. 2022ರ ಕೊನೆಯಲ್ಲಿ ಸಮ್ಮೇದ ಶಿಖರಜಿಯ ಪಾವಿತ್ರ್ಯಕ್ಕಾಗಿ ದೇಶದ ನಗರ ನಗರಗಳಲ್ಲಿ ಜೈನರು ಬೀದಿಗಿಳಿದರು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಅದಕ್ಕೂ ಮೊದಲು, 2014ರಲ್ಲಿ, ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ರಾಜ್ಯ ತನ್ನ ಮಾತಿಗೆ ನಿಲ್ಲಬೇಕೆಂದು ಕೇಳುವ ಸಮುದಾಯ ರಾಜ್ಯಕ್ಕೆ ತಾನು ಬರೆದುಕೊಡುವ ಲೆಕ್ಕಕ್ಕೂ ನಿಲ್ಲಬೇಕಾಗುತ್ತದೆ. ಸಂಖ್ಯೆಯಲ್ಲಿ ಚಿಕ್ಕದಾದ ಸಮಾಜಕ್ಕೆ ಮತಪೆಟ್ಟಿಗೆಯ ಬಲ ಕಡಿಮೆ. ಅದರ ಮಾತಿಗೆ ತೂಕ ಬರುವುದು ವಿಶ್ವಾಸಾರ್ಹತೆಯಿಂದ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಕ್ರೀಡೆಗೆ ಮನ್ನಣೆ ನೀಡಿತು. ಆಟ ಬೇರೆ, ಜೂಜು ಬೇರೆ ಎಂಬ ಗೆರೆಯನ್ನು ಕಾನೂನು ಎಳೆದಿದೆ. ಸಂಸ್ಥೆಯ ಖರ್ಚು ಬೇರೆ, ಮನೆಯ ಖರ್ಚು ಬೇರೆ ಎಂಬ ಗೆರೆಯೂ ಹಾಗೆಯೇ ಕಾನೂನಿನಲ್ಲಿದೆ. ಒಂದನ್ನು ಸ್ವಾಗತಿಸಿ ಇನ್ನೊಂದನ್ನು ಅಳಿಸುವುದು ಸಲ್ಲದು.

ಪ್ರಾಮಾಣಿಕ ಹಕ್ಕನ್ನು ಬಿಟ್ಟುಕೊಡಬೇಕೆಂದು ಇದರ ಅರ್ಥವಲ್ಲ. ಮನೆಯ ಮಗಳು ವಾಸ್ತುಶಿಲ್ಪಿಯಾಗಿ ಕಟ್ಟಡಗಳ ಮೂರು ಆಯಾಮದ ಚಿತ್ರಗಳನ್ನು ತಯಾರಿಸುತ್ತಿದ್ದರೆ, ಮಗ ವಿಡಿಯೊ ಸಂಕಲನದಿಂದ ಸಂಪಾದಿಸುತ್ತಿದ್ದರೆ, ಅದೇ ದುಬಾರಿ ಯಂತ್ರ ಅವರ ವೃತ್ತಿಯ ಉಪಕರಣ. ಅವರ ನೋಂದಣಿಯಲ್ಲಿ, ಅವರ ಖಾತೆಯಲ್ಲಿ ಅದರ ಜಮೆಯನ್ನೂ ಸವಕಳಿಯನ್ನೂ ತೆಗೆದುಕೊಳ್ಳುವುದು ನ್ಯಾಯವೇ. ರಾತ್ರಿ ಒಂದು ಗಂಟೆ ಆಡಿದರೆ ಆ ಪಾಲನ್ನು ಬಿಟ್ಟು ಬರೆದರಾಯಿತು.

ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನವೂ ಉತ್ತಮ ಆಕಿಂಚನ್ಯದ ದಿನವೂ ಪ್ರತಿ ವರ್ಷ ಬರುತ್ತವೆ. ಆ ಎರಡು ದಿನಗಳ ಪ್ರವಚನಗಳಲ್ಲಿ ಕೂಟಲೇಖಕ್ರಿಯೆಯ ಅರ್ಥವನ್ನು ಬಿಲ್ಲು, ಖಾತೆಗಳ ಉದಾಹರಣೆ ಕೊಟ್ಟು ವಿವರಿಸುವ ಧೈರ್ಯವನ್ನು ನಗರದ ಜೈನ ಸಂಘಗಳು ತೋರಬೇಕು. ಮನೆಗಳಲ್ಲಿ ಮೂರು ಕೆಲಸಗಳು ಸಾಧ್ಯ. ಅಂಗಡಿಗೆ ಹೋಗುವ ಮುನ್ನ ಮೊತ್ತವನ್ನು ಬರೆದಿಡುವುದು, ಆ ಹಣವನ್ನು ಮನೆಯ ಉಳಿತಾಯದಿಂದ ತೆಗೆಯುವುದು. ಬಳಸುವವರ ಹೆಸರಿಗೇ ಬಿಲ್ಲು ಮಾಡಿಸುವುದು. ಹಳೆಯ ಯಂತ್ರ ಓಡುವಂತಿದ್ದರೆ ಅದನ್ನು ಬಡ ವಿದ್ಯಾರ್ಥಿಗಳ ವಸತಿನಿಲಯಕ್ಕೋ ಪಾಠಶಾಲೆಗೋ ಕೊಡುವುದು, ಓಡದಿದ್ದರೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಗಾರರಿಗೆ ಒಪ್ಪಿಸುವುದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಪರಂಪರೆಯ ಮನೆಗಳಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಶಾಸ್ತ್ರದಾನವಾಗಿ ಕೊಡುವುದು ದೊಡ್ಡ ಮಾತಲ್ಲ.

ಪ್ರಾಮಾಣಿಕತೆಗೆ ಇಲ್ಲಿ ಬೆಲೆಯಿದೆ, ಅದು ಸಣ್ಣದೂ ಅಲ್ಲ. ಮೇಲಿನ ಲೆಕ್ಕದಲ್ಲಿ ರೂ. 90,000. ಅಷ್ಟು ಕೊಡಲಾಗದಿದ್ದರೆ ಯಂತ್ರವೇ ಮಿತಿ ಮೀರಿದೆ ಎಂದರ್ಥ. ಪಟ್ಟಿಯನ್ನು ಇಳಿಸಿ 5070ಕ್ಕೆ ತೃಪ್ತರಾಗಬಹುದು. ಅಂಗಡಿಯವನು ಮತ್ತೆ ಕೇಳುತ್ತಾನೆ: “ಬಿಲ್ ಯಾರ ಹೆಸರಿಗೆ?” ತಂದೆ ಮಗನ ಹೆಸರು ಹೇಳುತ್ತಾರೆ. ಮಗ ಪಕ್ಕದಲ್ಲೇ ನಿಂತಿರುತ್ತಾನೆ, ಕೇಳಿಸಿಕೊಳ್ಳುತ್ತಾನೆ.