ಗೃಹಸ್ಥರೊಡನೆ: ವಂಶಾವಳಿಗೆ ಆಧಾರವಿರಲಿ

ಮನೆಯ ಹಿರಿಯರ ಹೆಸರುಗಳನ್ನು ಬರೆದಿಡಬೇಕೆಂಬ ಆಸಕ್ತಿಯು ಅನೇಕ ಗೃಹಸ್ಥರಲ್ಲಿ ಕಂಡುಬರುತ್ತಿರುವುದು ಸಂತೋಷದ ವಿಷಯ. ವಿವಾಹಕಾಲದಲ್ಲಿ ವಂಶವೃಕ್ಷವನ್ನು ಅಚ್ಚುಹಾಕಿಸಿ ನೆಂಟರಿಷ್ಟರಿಗೆ ಹಂಚುವವರೂ ಉಂಟು. ಆದರೆ ಅಂತಹ ಪತ್ರಗಳಲ್ಲಿ ಹೆಸರುಗಳಿರುವವೇ ಹೊರತು, ಅವು ಎಲ್ಲಿಂದ ದೊರೆತವೆಂಬ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಇದರಿಂದಾಗುವ ಕೇಡನ್ನು ನಾವು ಸ್ವಾನುಭವದಿಂದಲೇ ಅರಿತಿರುವುದರಿಂದ, ನಾಚಿಕೆಯನ್ನು ಬದಿಗಿಟ್ಟು ವಾಚಕರಿಗೆ ಅರಿಕೆಮಾಡುತ್ತೇವೆ.

ನಮ್ಮ ಮನೆತನವು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ್ದು. ನಮ್ಮ ಪಿತಾಮಹರು ಸ್ವಹಸ್ತದಿಂದ ಬರೆದಿಟ್ಟ ಪುಸ್ತಕವೊಂದು ನಮ್ಮಲ್ಲಿದೆ. ಅವರ ತಾತನ ತಮ್ಮನೊಬ್ಬನ ಹೆಸರಿನ ಮುಂದೆ, ಧಾತು ಸಂವತ್ಸರದ ಕ್ಷಾಮದಲ್ಲಿ ಊರು ಬಿಟ್ಟುಹೋಗಿ ನಿಸ್ಸಂತತಿಯಾಗಿ ತೀರಿಕೊಂಡನೆಂದು ಅದರಲ್ಲಿ ಒಂದೇ ಒಂದು ಪಂಕ್ತಿಯಿದೆ. ಹಿರಿಯರ ಅಕ್ಷರವೆಂಬ ಗೌರವದಿಂದ ನಾವು ಅದನ್ನು ಹಾಗೆಯೇ ಎತ್ತಿಕೊಂಡು, ಮಗಳ ವಿವಾಹದಲ್ಲಿ ವಂಶವೃಕ್ಷವನ್ನು ಮುದ್ರಿಸಿ ಹಂಚಿದೆವು.

ಆರು ತಿಂಗಳು ಕಳೆದಿರಲಿಲ್ಲ. ಶ್ರೀನಿವಾಸಪುರದ ಕಡೆಯಿಂದ ಎಂಬತ್ತು ವರ್ಷದ ವೃದ್ಧೆಯೊಬ್ಬರು ಮೊಮ್ಮಗನ ಕೈಹಿಡಿದು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು, ನೀರನ್ನೂ ಮುಟ್ಟದೆ, “ಏನಪ್ಪಾ, ನಮ್ಮ ಮುತ್ತಾತನಿಗೆ ಮಕ್ಕಳೇ ಇರಲಿಲ್ಲವೆಂದು ಅಚ್ಚುಹಾಕಿಸಿದ್ದೀಯಂತೆ. ಹಾಗಾದರೆ ನಾನು ಯಾರ ಮನೆಯ ಮಗಳಪ್ಪಾ?” ಎಂದು ಕೇಳಿದರು. ಮೊಮ್ಮಗನು ಚೀಲದಿಂದ ತೆಲುಗು ಅಕ್ಷರದ ಹಳೆಯ ವಿಭಾಗಪತ್ರವೊಂದನ್ನು ತೆಗೆದು ನಮ್ಮ ಮುಂದಿಟ್ಟನು. ಅದರಲ್ಲಿ ಆ ಹಿರಿಯನ ಹೆಸರು, ಆತನ ತಂದೆಯ ಹೆಸರು, ಗೋತ್ರ, ಪೂರ್ವದ ಊರು ದೇವರಾಯಸಮುದ್ರ, ಭಾಗ ಪಡೆದ ಇಬ್ಬರು ಮಕ್ಕಳ ಹೆಸರು, ಎಲ್ಲವೂ ಇದ್ದವು. ಉಪನೋಂದಣಾಧಿಕಾರಿಗಳ ಕಛೇರಿಯಿಂದ ನಕಲನ್ನು ತರಿಸಿ ಹೋಲಿಸಿದೆವು, ಒಂದಕ್ಷರವೂ ಭೇದವಿರಲಿಲ್ಲ. ಮಹಾಲಯದಲ್ಲಿ ಗತಿಯಿಲ್ಲದವನೆಂದು ನಮ್ಮ ಮನೆಯಲ್ಲಿ ಯಾರಿಗೆ ತರ್ಪಣ ಬಿಡುತ್ತಿದ್ದೆವೋ, ಆತನಿಗೆ ಮಕ್ಕಳು ಮೊಮ್ಮಕ್ಕಳು ಒಂದು ದಿನದ ಪ್ರಯಾಣದಷ್ಟೂ ದೂರವಲ್ಲದ ಊರಿನಲ್ಲಿ ಬಾಳಿಕೊಂಡಿದ್ದರು.

ಪಿತಾಮಹರು ಸುಳ್ಳು ಬರೆದವರಲ್ಲ. ಧಾತು, ಈಶ್ವರ ಸಂವತ್ಸರಗಳ ಆ ಕ್ಷಾಮವು 1876ರಿಂದ 1878ರವರೆಗಿನದು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಪ್ರಜೆಗಳು 1881ರ ಗಣತಿಯಲ್ಲಿ ಸುಮಾರು 42 ಲಕ್ಷವಾಗಿದ್ದರು. ಹೋದವರು ಹಿಂದಿರುಗದಿದ್ದರೆ ಸತ್ತರೆಂದೇ ಮನೆಯವರು ಭಾವಿಸಿದ್ದು ಸಹಜ. ಆದರೆ ಪಿತಾಮಹರು ಹುಟ್ಟಿದುದು ಕ್ಷಾಮ ಕಳೆದು ಸುಮಾರು ಮೂವತ್ತು ವರ್ಷಗಳ ಮೇಲೆ. ಅವರು ಕಂಡವರಲ್ಲ, ಕೇಳಿದವರು. ಯಾರಿಂದ ಕೇಳಿದರೆಂಬುದನ್ನು ಬರೆದಿದ್ದರೆ ಅದು ಊಹೆಯೆಂದು ನಮಗೆ ಆಗಲೇ ತಿಳಿಯುತ್ತಿತ್ತು.

ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳನ್ನು ಬೇರೆಬೇರೆಯಾಗಿ ಎಣಿಸಬೇಕೆಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ರಚಿಸಿದ ಮಲ್ಲಿನಾಥಸೂರಿಯು ಮೂಲವಿಲ್ಲದುದನ್ನು ತಾನು ಬರೆಯುವುದಿಲ್ಲವೆಂದು ಆರಂಭದಲ್ಲಿಯೇ ಪ್ರತಿಜ್ಞೆಮಾಡಿದನು. ಇದನ್ನು ಮಕ್ಕಳಿಗೆ ಎಷ್ಟೋ ವರ್ಷ ಬೋಧಿಸಿದ ನಾವೇ ಮನೆಯ ಬರಹದಲ್ಲಿ ಅದನ್ನು ಮರೆತೆವು.

ಆ ಪುಸ್ತಕದ ಮೊದಲ ಪುಟದಲ್ಲಿ, ನಮ್ಮ ಮೂಲಪುರುಷನಿಗೆ ದೇವರಾಯ ಮಹಾರಾಯನು ಭೂದಾನಮಾಡಿದನೆಂದೂ ಇದೆ. ವಿಜಯನಗರದಲ್ಲಿ ಆ ಹೆಸರಿನ ಇಬ್ಬರು ಹದಿನೈದನೆಯ ಶತಮಾನದಲ್ಲಿ ಆಳಿದರು. ಯಾವ ದೇವರಾಯನೆಂದು ಪುಸ್ತಕವು ಹೇಳದು, ಶಾಸನವನ್ನೂ ಸೂಚಿಸದು. ಊರಿನ ಹೆಸರನ್ನು ಕೇಳಿ ಕಟ್ಟಿದ ಕಥೆಯೂ ಆಗಿರಬಹುದು. 1905ರಲ್ಲಿ ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ, ಪ್ರತಿಯೊಂದಕ್ಕೂ ತಾಲ್ಲೂಕುವಾರಾಗಿ ಸಂಖ್ಯೆ ಕೊಟ್ಟು, ಯಾವ ಊರಿನಲ್ಲಿ ಯಾವ ಸ್ಥಳದಲ್ಲಿದೆಯೆಂಬುದನ್ನು ಬರೆದರು. ಆದುದರಿಂದ ಸಂಶಯಪಡುವವನು ಇಂದಿಗೂ ಅಲ್ಲಿಗೆ ಹೋಗಿ ನೋಡಬಹುದು. ನಮ್ಮ ಮನೆಯ ಬರಹಕ್ಕೂ ಇಷ್ಟು ಸಾಕು.

ಆದುದರಿಂದ ಗೃಹಸ್ಥರು ಹೀಗೆ ಮಾಡುವುದು ಉತ್ತಮ. ಕೇಳಿ ಬರೆದುದಾದರೆ, ಹೇಳಿದವರ ಹೆಸರು, ಅವರ ವಯಸ್ಸು, ಸಂಬಂಧ, ಕೇಳಿದ ದಿನ, ಅವರು ಕಣ್ಣಾರೆ ಕಂಡದ್ದೋ ಇನ್ನೊಬ್ಬರಿಂದ ಕೇಳಿದ್ದೋ ಎಂಬುದನ್ನು ಬರೆಯತಕ್ಕದ್ದು. ಪತ್ರವಾದರೆ ಅದರ ವಿಧ, ಸಂಖ್ಯೆ, ವರ್ಷ, ನೋಂದಣಿ ಕಛೇರಿ, ಈಗ ಅದು ಯಾರ ವಶದಲ್ಲಿದೆಯೆಂಬುದು ಬೇಕು. ವಂಶಪಾರಂಪರ್ಯದ ಶ್ಯಾನುಭೋಗಿಕೆಯು 1963ರಲ್ಲಿ ನಿಂತಿತು; ಹಳೆಯ ಕಡತವೇನಾದರೂ ದೊರೆತರೆ, ಯಾವ ಮನೆಯಲ್ಲಿ ಎಂದು ನೋಡಿದಿರೆಂಬುದನ್ನು ಅಲ್ಲಿಯೇ ಗುರುತಿಸಿ. ಸಂವತ್ಸರದ ಹೆಸರೊಂದನ್ನೇ ಬರೆದು ಬಿಡಬೇಡಿ. ಅರವತ್ತು ವರ್ಷಕ್ಕೊಮ್ಮೆ ಅದು ತಿರುಗಿ ಬರುತ್ತದೆ: 1876ರ ಧಾತುವೇ 1936ರಲ್ಲಿಯೂ 1996ರಲ್ಲಿಯೂ ಬಂದಿತು. ಶಕವರ್ಷವನ್ನಾಗಲಿ ಕ್ರಿಸ್ತವರ್ಷವನ್ನಾಗಲಿ ಜೊತೆಗೆ ಸೇರಿಸಬೇಕು. ಎರಡು ಹೇಳಿಕೆಗಳು ವಿರುದ್ಧವಾದರೆ ಎರಡನ್ನೂ ಉಳಿಸಿ. ಊಹೆಯಾದರೆ ಊಹೆಯೆಂದೇ ಬರೆಯಿರಿ.

ಕಾಗದದಲ್ಲಿರುವುದೆಲ್ಲ ನಿಜವೆಂದೂ ತಿಳಿಯಬಾರದು. ನಾವು ಉಪಾಧ್ಯಾಯರಾಗಿದ್ದಾಗ, ಮಗುವಿನ ಜನ್ಮದಿನವನ್ನು ತಂದೆಯು ಅರಿಯದಿದ್ದರೆ, “ಹಬ್ಬದ ಹಿಂದುಮುಂದು ಸ್ವಾಮಿ” ಎಂದ ಮಾತಿನ ಮೇಲೆ ದಾಖಲಾತಿ ಪುಸ್ತಕದಲ್ಲಿ ಒಂದು ತಾರೀಖನ್ನು ಬರೆದದ್ದು ಎಷ್ಟೋ ಸಲ ಉಂಟು. ಅದೇ ಈಗ ಅವರ ಸರ್ಟಿಫಿಕೇಟುಗಳಲ್ಲಿ ನಿಂತಿದೆ. ಶಾಲೆಯ ದಾಖಲೆಯೆಂದು ಹೇಳಿದರೆ ಸಾಲದು. ಜಾತಕವಿದ್ದರೆ ಅದರೊಡನೆ ಹೋಲಿಸಿಯೇ ಬರೆಯಬೇಕು.

ವಂಶವೃಕ್ಷವನ್ನು ನಾವು ಮತ್ತೆ ಅಚ್ಚುಹಾಕಿಸಿದ್ದೇವೆ. ಪಿತಾಮಹರ ಪಂಕ್ತಿಯನ್ನು ಅಳಿಸಲಿಲ್ಲ. ಅದರ ಕೆಳಗೆ ವಿಭಾಗಪತ್ರದ ಸಂಖ್ಯೆಯನ್ನೂ ವರ್ಷವನ್ನೂ ಸೇರಿಸಿ, ಹೊಸ ಶಾಖೆಯನ್ನು ಬರೆದೆವು. ಮೊದಲ ಪ್ರತಿಯನ್ನು ಶ್ರೀನಿವಾಸಪುರದ ಕಡೆಗೆ ನಾವೇ ಒಯ್ದು ಆ ತಾಯಿಯ ಕೈಗೆ ಕೊಟ್ಟೆವು. ಕನ್ನಡಕವನ್ನು ಹಾಕಿಕೊಂಡು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ಬಹಳ ಹೊತ್ತು ನೋಡಿದರು. ಅನಂತರ ಒಳಗೆ ತಿರುಗಿ, “ದೇವರಾಯಸಮುದ್ರದಿಂದ ನಮ್ಮ ಮನೆಯವರು ಬಂದಿದ್ದಾರೆ, ಎಲೆ ಹಾಕಿ” ಎಂದು ಸೊಸೆಗೆ ಹೇಳಿದರು.