ಮೇಲಿನ ಖೋಲಿಯಲ್ಲಿ ಕುಂತಾಕಿ

ಮೊದಲೇ ಹೇಳಿಬಿಡ್ತೀನಿ. ‘ಸೆವರೆನ್ಸ್’ ಎರಡನೇ ಸೀಸನ್ನಿನ ಕೊನೇ ಕಂತು ಇನ್ನೂ ನೋಡದವರು ಈ ಸಲದ ಅಂಕಣ ಪಕ್ಕಕ್ಕಿಟ್ಟು, ನೋಡಿಯಾದ ಮೇಲೆ ಬನ್ನಿ. ಕಥೆಯನ್ನ ಪೂರ್ತಿ ಬಿಚ್ಚಿಡ್ತಾ ಇದ್ದೀನಿ. ಆ ಸೀರಿಯಲ್ ನಮಗೆ ಬೇಕಾಗಿಲ್ಲ ಅನ್ನೋರು ಧಾರಾಳವಾಗಿ ಓದಬಹುದು, ಯಾಕಂದ್ರೆ ಇದು ಅರ್ಧ ನಮ್ಮ ಮನೆ ಕಥೆಯೇ.

ಕೊನೇ ಕಂತು ಬಂದದ್ದು ಮಾರ್ಚ್ 21ಕ್ಕೆ. ನಾವು ನೋಡಿದ್ದು ಮರುದಿನ ರಾತ್ರಿ, ಹುಮನಾಬಾದಿನ ನಮ್ಮ ಮನೆ ಹಾಲಿನಲ್ಲಿ. ಯಜಮಾನರು ಅರ್ಧಕ್ಕೇ ಮಲಗಿಬಿಟ್ಟರು. ಅತ್ತೆ ಮಾತ್ರ ಬಳ್ಳೊಳ್ಳಿ ಸುಲಿಯುತ್ತಾ ಕೊನೇವರೆಗೂ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರಲ್ಲ, ಆದರೆ ಮುಖ ನೋಡಿಯೇ ಕಥೆ ಹಿಡಿದುಬಿಡ್ತಾರೆ. ಕೊನೇ ದೃಶ್ಯದಲ್ಲಿ ಬಾಗಿಲಿನಾಚೆ ಹೆಂಡತಿ ಕೂಗಿ ಕೂಗಿ ಕರೀತಾಳೆ, ಈಚೆ ನಿಂತ ಮಾರ್ಕ್ ತಿರುಗಿ ಇನ್ನೊಬ್ಬ ಹುಡುಗಿಯ ಕೈಹಿಡಿದು ಓಡ್ತಾನೆ. ಅತ್ತೆಗೆ ಸಿಟ್ಟೇ ಬಂತು.

“ಹೆಣ್ತಿನ್ನ ಬಿಟ್ಟು ಓಡ್ಲತ್ತಾನಲ್ಲ, ಇವನಿಗಿ ಬುದ್ಧಿ ಅದನೋ ಇಲ್ಲೋ?”

“ಅತ್ತಿ, ಅಂವ ಆಕಿ ಗಂಡ ಅಲ್ರಿ.”

“ಮತ್ತ್ಯಾರು?”

“ಗಂಡನ ಮೈಯಾಗ ಇರೋ ಇನ್ನೊಬ್ಬ.”

“ದೆವ್ವ ಹೊಕ್ಕದೇನು?”

ನಕ್ಕೆ. ಆದರೆ ಮೂರು ವರ್ಷದಿಂದ ಈ ಸೀರಿಯಲ್ ಬಗ್ಗೆ ಓದಿದ ಎಷ್ಟೋ ವಿಶ್ಲೇಷಣೆಗಳಿಗಿಂತ ಅತ್ತೆಯ ಪ್ರಶ್ನೆಯೇ ಹತ್ತಿರದ್ದು ಅನ್ನಿಸಿತು.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಲೂಮನ್ ಅಂತ ಒಂದು ಕಂಪನಿ. ಅಲ್ಲಿ ಕೆಲಸಕ್ಕೆ ಸೇರಬೇಕಂದ್ರೆ ಮಿದುಳಿನಲ್ಲಿ ಒಂದು ಚಿಪ್ ಹಾಕಿಸಿಕೊಳ್ಳಬೇಕು. ಲಿಫ್ಟ್‌ನಲ್ಲಿ ಕೆಳಗಿಳಿದರೆ ಮನೆಯ ನೆನಪೆಲ್ಲ ಅಳಿಸಿಹೋಗುತ್ತೆ, ಸಂಜೆ ಮೇಲೆ ಬಂದರೆ ಆಫೀಸಿನ ನೆನಪು ಒಂದಿಷ್ಟೂ ಇರಲ್ಲ. ಒಂದೇ ಮೈ, ಆದರೆ ಎರಡು ಜನ. ಒಳಗಿನವನನ್ನ ‘ಇನ್ನಿ’ ಅಂತಾರೆ, ಹೊರಗಿನವನನ್ನ ‘ಔಟಿ’ ಅಂತಾರೆ. ಸಂಬಳ, ಮನೆ, ಭಾನುವಾರ ಎಲ್ಲ ಔಟಿಗೆ. ಇನ್ನಿಗೆ ಆಫೀಸಿನ ಬಿಳಿ ಗೋಡೆಗಳಷ್ಟೇ. ಲಿಫ್ಟಿನ ಬಾಗಿಲು ಮುಚ್ಚಿ ತೆಗೆದರೆ ಆಗಲೇ ಮರುದಿನ. ಅವನಿಗೆ ನಿದ್ದೆ ಅಂದ್ರೇನು ಅಂತಲೂ ಗೊತ್ತಿಲ್ಲ. ಮಾರ್ಕ್ ಸ್ಕೌಟ್ ಇದಕ್ಕೆ ಒಪ್ಪಿದ್ದು ಹೆಂಡತಿ ಜೆಮ್ಮಾ ಅಪಘಾತದಲ್ಲಿ ಸತ್ತ ದುಃಖಕ್ಕೆ. ದಿನಕ್ಕೆ ಎಂಟು ತಾಸಾದರೂ ಆ ನೆನಪು ಬೇಡ ಅಂತ. ಅವಳು ಸತ್ತಿಲ್ಲ, ಅದೇ ಕಂಪನಿಯ ನೆಲಮಾಳಿಗೆಯಲ್ಲಿದ್ದಾಳೆ ಅನ್ನೋದು ಅವನಿಗೆ ಗೊತ್ತಿಲ್ಲ.

ಇದನ್ನು ಬರೆದ ಡ್ಯಾನ್ ಎರಿಕ್ಸನ್ ಹಿಂದೊಮ್ಮೆ ಲಾಸ್ ಏಂಜಲೀಸಿನ ಒಂದು ಬಾಗಿಲು ಕಂಪನಿಯ ಆಫೀಸಿನಲ್ಲಿ ದುಡೀತಿದ್ದರಂತೆ. ಈ ಎಂಟು ತಾಸು ಗೊತ್ತೇ ಆಗದ ಹಾಗೆ ಕಳೆದುಹೋಗಿ, ಒಮ್ಮೆಲೇ ಸಂಜೆ ಆಗಿಬಿಟ್ಟರೆ ಎಷ್ಟು ಚಲೋ ಅಂತ ಅನ್ನಿಸಿತಂತೆ. ಸಾಫ್ಟ್‌ವೇರಿನಲ್ಲಿ ಇರೋ ಯಾರಿಗೆ ಹಾಗನ್ನಿಸಿಲ್ಲ ಹೇಳಿ? ಮೊದಲ ಸೀಸನ್ ಬಂದದ್ದು 2022ರ ಫೆಬ್ರುವರಿಯಲ್ಲಿ. ಆಮೇಲೆ 2023ರ ಹಾಲಿವುಡ್ ಮುಷ್ಕರ ಅದೂ ಇದೂ ಸೇರಿ ಎರಡನೆಯದಕ್ಕೆ ಹತ್ತಿರ ಹತ್ತಿರ ಮೂರು ವರ್ಷ ಕಾಯಬೇಕಾಯ್ತು. 2025ರ ಜನವರಿ 17ರಿಂದ ಶುಕ್ರವಾರಕ್ಕೊಂದರಂತೆ ಹತ್ತು ಕಂತು ಬಂದವು.

ಹತ್ತೂ ಚಲೋ ಇದ್ದವು ಅಂತ ನಾನು ಹೇಳಲ್ಲ. ಮಾರ್ಕ್‌ನ ಎರಡು ನೆನಪುಗಳನ್ನ ಮತ್ತೆ ಒಂದು ಮಾಡುವ ಚಿಕಿತ್ಸೆಯನ್ನ ಮೂರನೇ ಕಂತಿನಲ್ಲಿ ಭಾರಿ ಸದ್ದು ಮಾಡಿ ಶುರು ಮಾಡಿದರು. ಕೊನೇಗೆ ಬರೋ ಹೊತ್ತಿಗೆ ಅದು ಎಲ್ಲಿ ಹೋಯ್ತೋ ದೇವರೇ ಬಲ್ಲ. ಎಂಟನೇ ಕಂತನ್ನ ಬಹಳ ಜನ ಬೈದರು. ಕಥೆ ಒಂದೇ ಕಡೆ ನಿಂತುಬಿಟ್ಟಿತು, ಬರೀ ಕೋಬೆಲ್ ಒಬ್ಬಳೇ ಅಂತ. ನನಗೆ ಮಾತ್ರ ಅದು ಹಿಡಿಸಿತು. ಕಂಪನಿಯ ಕಾರ್ಖಾನೆ ಬಂದಾಗಿ ಹಾಳು ಬಿದ್ದ ತನ್ನ ಊರಿಗೆ ಅವಳು ವಾಪಸ್ ಬರ್ತಾಳೆ, ಆ ಚಿಪ್ಪಿನ ಮೂಲ ವಿನ್ಯಾಸ ತನ್ನದೇ ಅನ್ನೋದಕ್ಕೆ ಸಾಕ್ಷಿಯಾದ ಹಳೇ ನೋಟ್‌ಬುಕ್ ಹುಡುಕ್ತಾಳೆ. ಕೆಲಸ ಅವಳದು, ಹೆಸರು ಮಾಲೀಕರದು. ಇದು ಅರ್ಥ ಆಗೋಕೆ ವಿಜ್ಞಾನ ಕಥೆ ಓದಿರಬೇಕಾಗಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಏಳನೇ ಕಂತು. ಸೀರಿಯಲ್ಲಿನ ಛಾಯಾಗ್ರಾಹಕಿ ಜೆಸ್ಸಿಕಾ ಲೀ ಗ್ಯಾನ್ಯೆ ಮೊದಲ ಸಲ ನಿರ್ದೇಶಿಸಿದ್ದು ಅದು. ನೆಲಮಾಳಿಗೆಯಲ್ಲಿ ಜೆಮ್ಮಾ ಹೇಗಿದ್ದಾಳೆ ಅಂತ ತೋರಿಸ್ತಾರೆ. ಉದ್ದನೆಯ ಪಡಸಾಲೆ, ಅದರ ತುಂಬ ಬಾಗಿಲು. ಒಂದೊಂದು ಬಾಗಿಲು ದಾಟಿದರೂ ಒಬ್ಬೊಬ್ಬ ಹೊಸ ಜೆಮ್ಮಾ. ಒಂದು ಖೋಲಿಯಲ್ಲಿ ಹಲ್ಲಿನ ಡಾಕ್ಟರ್. ಆ ಖೋಲಿಯಾಕಿಗೆ ಬದುಕು ಅಂದ್ರೆ ಬರೀ ಹಲ್ಲಿನ ನೋವು. ಇನ್ನೊಂದರಲ್ಲಿ ಅಲ್ಲಾಡುವ ವಿಮಾನ, ಆಕಿಗೆ ಸದಾ ಹೆದರಿಕೆ. ಮತ್ತೊಂದರಲ್ಲಿ ಕ್ರಿಸ್‌ಮಸ್ ಉಡುಗೊರೆಗೆ ಧನ್ಯವಾದದ ಪತ್ರ ಬರೆಯೋದು, ಕೈ ನೋಯುವವರೆಗೂ. ಹೊರಗೆ ಬಂದ ಜೆಮ್ಮಾಗೆ ಏನೂ ನೆನಪಿಲ್ಲ. ಕೈ ಯಾಕೆ ನೋಯ್ತಿದೆ ಅಂತಷ್ಟೇ ಗೊತ್ತಾಗುತ್ತೆ.

ಅದನ್ನ ನೋಡ್ತಾ ನಾನು ನಮ್ಮ ಮನೆಯ ಬಾಗಿಲುಗಳನ್ನ ಎಣಿಸ್ತಿದ್ದೆ.

ನನ್ನ ತವರು ಬಸವಕಲ್ಯಾಣ. ಮದುವೆಯಾಗಿ ಬಂದದ್ದು ಹುಮನಾಬಾದಿಗೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ, ಕೊರೊನಾ ಬಂದ ಮೇಲೆ ಮನೆಯಿಂದಲೇ ಕೆಲಸ. ಮೇಲಿನ ಖೋಲಿ ನನ್ನ ಆಫೀಸು. ಬೆಳಿಗ್ಗೆ ಐದೂವರೆಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟೋ ಸೊಸೆ, ಹತ್ತಕ್ಕೆ ಮೆಟ್ಟಿಲು ಹತ್ತಿದರೆ ಇಂಜಿನಿಯರ್, ಸಂಜೆ ಚಹಾ ಹೊತ್ತಿಗೆ ಮತ್ತೆ ಸೊಸೆ, ರಾತ್ರಿ ಎಂಟರ ಮೇಲೆ ಅಮೆರಿಕದವರ ಕಾಲ್‌ಗೆ ಮತ್ತೆ ಮೇಲೆ. ತಿಂಗಳಿಗೊಮ್ಮೆ ಬಸ್ ಹತ್ತಿ ತವರಿಗೆ ಹೋದರೆ ಅಲ್ಲಿ ಮಗಳು. ಮಧ್ಯದ ಹದಿನಾಲ್ಕು ಮೆಟ್ಟಿಲೇ ನನ್ನ ಲಿಫ್ಟು.

ಒಂದು ಖೋಲಿಯ ಚಿಂತೆ ಇನ್ನೊಂದಕ್ಕೆ ಹೋಗಬಾರದು ಅಂತ ನಾನೇ ನಿಯಮ ಮಾಡಿಕೊಂಡಿದ್ದೆ. ಮೇಲೆ ಹೋದ ತಕ್ಷಣ ಸ್ವಂತ ಫೋನು ಸೈಲೆಂಟ್ ಮಾಡಿ ಟೇಬಲ್ ಡ್ರಾದಲ್ಲಿ ಹಾಕೋದು. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಬಹಳ ಶಿಸ್ತಿನಾಕಿ ಅಂತ ನನಗೇ ಹೆಮ್ಮೆ ಇತ್ತು.

ಫೆಬ್ರುವರಿಯ ಒಂದು ಗುರುವಾರ ರಾತ್ರಿ. ರಿಲೀಸ್ ಇತ್ತು, ಕಾಲ್ ಮೂರು ತಾಸು ನಡೀತು. ಹನ್ನೊಂದೂಕಾಲಿಗೆ ಡ್ರಾ ತೆಗೆದರೆ ಅವ್ವನ ಒಂಬತ್ತು ಮಿಸ್ಡ್ ಕಾಲ್. ಅಪ್ಪನಿಗೆ ಸಕ್ಕರೆ ಇಳಿದು, ಬಚ್ಚಲ ಹತ್ತಿರ ಬಿದ್ದುಬಿಟ್ಟಿದ್ದರು. ಮನೆಯಲ್ಲಿ ಅವ್ವ ಒಬ್ಬಳೇ. ಬಾಜು ಮನೆ ಕಾಕಾ ಆಟೋ ತಂದು ದವಾಖಾನೆಗೆ ಮುಟ್ಟಿಸಿದ್ದರು. ನಾನು ಫೋನ್ ಮಾಡೋ ಹೊತ್ತಿಗೆ ಅಪ್ಪ ಎದ್ದು ಕೂತು ಚಹಾ ಕೇಳ್ತಿದ್ದರಂತೆ. ಅವ್ವ ಬೈಯಲಿಲ್ಲ. “ನೀ ಕೆಲಸದಾಗ ಇರ್ತೀದಿ ಅಂತ ಗೊತ್ತದ, ಆದ್ರ ಕೈ ಸುಮ್ನೆ ಕೂಡ್ಲಿಲ್ಲ ನೋಡು” ಅಂದಳು. ಬೈದಿದ್ದರೆ ತಡ್ಕೋತಿದ್ದೆ.

ಆ ಮೂರು ತಾಸು ಮೇಲಿದ್ದಾಕಿಗೆ ಅಪ್ಪ ಅನ್ನೋರೇ ಇರಲಿಲ್ಲ. ಚಿಪ್ಪು ಯಾರೂ ಹಾಕಿರಲಿಲ್ಲ, ಡ್ರಾ ಎಳೆದು ಮುಚ್ಚಿದ್ದು ನಾನೇ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ನಾನು ಕೊನೇ ಕಂತು ನೋಡಿದ್ದು. ಅದರ ಜೀವ ಓಡಾಟದಲ್ಲಿ ಇಲ್ಲ, ಶುರುವಿನ ಮಾತುಕತೆಯಲ್ಲಿ ಇದೆ. ಹೊರಗಿನ ಮಾರ್ಕ್ ಮತ್ತು ಒಳಗಿನ ಮಾರ್ಕ್ ಮೊದಲ ಸಲ ಮಾತಾಡ್ತಾರೆ. ಹಳೇ ವಿಡಿಯೊ ಕ್ಯಾಮೆರಾದಲ್ಲಿ ಒಬ್ಬ ತನ್ನ ಮಾತು ರೆಕಾರ್ಡ್ ಮಾಡಿ ಬಾಗಿಲು ದಾಟ್ತಾನೆ, ದಾಟಿದವ ಅದನ್ನ ನೋಡಿ ಉತ್ತರ ರೆಕಾರ್ಡ್ ಮಾಡ್ತಾನೆ. ಹೊರಗಿನವ ಬಹಳ ನಯವಾಗಿ ಕ್ಷಮೆ ಕೇಳಿ ಶುರು ಮಾಡ್ತಾನೆ. ನಿನ್ನ ಬಾಳನ್ನ ಜೈಲು ಮಾಡಿಬಿಟ್ಟೆ, ತಪ್ಪಾಯ್ತು, ಈಗ ನನ್ನ ಹೆಂಡತಿಯನ್ನ ಬಿಡಿಸಲು ಸಹಾಯ ಮಾಡು ಅಂತ. ಒಳಗಿನವ ಕೇಳೋದು ಒಂದೇ: ಅವಳು ಹೊರಗೆ ಬಂದ ಮೇಲೆ ನಮ್ಮ ಗತಿ ಏನು? ಮಾತಿನ ನಡುವೆ ಒಳಗಿನವ ಪ್ರೀತಿಸುವ ಹೆಲಿಯ ಹೆಸರನ್ನೇ ಹೊರಗಿನವ ತಪ್ಪಾಗಿ ಹೇಳಿಬಿಡ್ತಾನೆ. ಅಲ್ಲಿಗೆ ಎಲ್ಲ ಕೆಟ್ಟಿತು. ಬೇಕಾದದ್ದನ್ನ ಕೇಳೋಕೆ ಬಂದವ ಎದುರಿನವನ ಬಗ್ಗೆ ಒಂದು ಹೆಸರಿನಷ್ಟೂ ತಿಳಿದುಕೊಂಡಿರಲಿಲ್ಲ.

ಅದಕ್ಕೇ ನಾನು ಅತ್ತೆಯ ಪಕ್ಷ ಅಲ್ಲ. ಒಳಗಿನ ಮಾರ್ಕ್ ಮೋಸ ಮಾಡಲಿಲ್ಲ. ಜೆಮ್ಮಾಳನ್ನ ಬಾಗಿಲ ತನಕ ತಂದು ಬಿಟ್ಟ, ಮಾಡಿಕೊಡಬೇಕಾದ ಕೆಲಸ ಮಾಡಿಕೊಟ್ಟ. ಆಮೇಲೆ ತನ್ನ ಪ್ರಾಣವನ್ನೂ ಕೊಡು ಅಂದರೆ, ಇಲ್ಲ ಅಂದ. ಜೆಮ್ಮಾಳ ಆ ಕೂಗಿಗೆ ಹೊಣೆ ಯಾರು? ಮೊದಲನೇ ದಿನ ತನ್ನ ದುಃಖ ಹೊರೋಕೆ ಇನ್ನೊಬ್ಬನನ್ನ ಹುಟ್ಟಿಸಿ, ಅವನನ್ನ ಒಂದು ಮಾತೂ ಕೇಳದೆ ಲಿಫ್ಟ್ ಹತ್ತಿದವನು.

ಅದೇ ಕಂತಿನಲ್ಲಿ ಇನ್ನೊಂದು ಪತ್ರ ಇದೆ. ಗದ್ದಲದಲ್ಲಿ ಬಹಳ ಜನ ಅದನ್ನ ಮರೆತರು. ಒಳಗಿನ ಡಿಲನ್ ಬೇಜಾರಾಗಿ ರಾಜೀನಾಮೆ ಅರ್ಜಿ ಕೊಟ್ಟಿರ್ತಾನೆ. ಇನ್ನಿ ರಾಜೀನಾಮೆ ಕೊಟ್ಟರೆ ಅವನ ಕಥೆ ಮುಗಿದಂತೆ. ಒಪ್ಪಬೇಕಾದವನು ಹೊರಗಿನ ಡಿಲನ್. ಅವನಿಗೂ ಸಿಟ್ಟಿದೆ, ಯಾಕಂದ್ರೆ ತನ್ನ ಹೆಂಡತಿಯ ಮೇಲೆ ಒಳಗಿನವನಿಗೆ ಮನಸ್ಸಾಗಿದೆ. ಆದರೂ ಉತ್ತರ ಬರೀತಾನೆ: ಹೋಗೋದಿದ್ದರೆ ಅದು ನಿನ್ನ ಇಷ್ಟ, ಆದರೆ ನಿಜ ಹೇಳಬೇಕಂದ್ರೆ ನೀನು ಅಲ್ಲಿ ಇದ್ದೀಯ ಅನ್ನೋದು ನನಗೆ ಸೇರುತ್ತೆ, ಅನ್ನುವ ಅರ್ಥದಲ್ಲಿ. ಒಳಗಿನ ಡಿಲನ್ ಉಳೀತಾನೆ, ಗೆಳೆಯರ ಜಗಳಕ್ಕೆ ಬೆನ್ನಾಗಿ ನಿಲ್ತಾನೆ. ಮಾರ್ಕ್ ಅಷ್ಟು ಹೊತ್ತು ಮಾತಾಡಿ ಮಾಡಲಾಗದ್ದನ್ನ ಒಂದು ಕಾಗದ ಮಾಡಿತು.

ಯುಗಾದಿಗೆ ತವರಿಗೆ ಹೋಗಿದ್ದೆ. ಅಪ್ಪ ಈಗ ಹುಷಾರಾಗಿದ್ದಾರೆ, ಜೇಬಿನಲ್ಲಿ ಪೆಪ್ಪರ್‌ಮೆಂಟ್ ಇಟ್ಟುಕೊಂಡೇ ಓಡಾಡ್ತಾರೆ. ಸಂಜೆ ಇಬ್ಬರೂ ತ್ರಿಪುರಾಂತ ಕೆರೆ ಕಡೆ ನಡೆದುಹೋದೆವು. ಈ ಊರಲ್ಲಿ ಹುಟ್ಟಿದವರಿಗೆ ಕಾಯಕದ ಕಥೆಗಳು ಹಾಲು ಕುಡಿಯುವಾಗಲೇ ಕಿವಿಗೆ ಬಿದ್ದಿರ್ತವೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಅದರಲ್ಲೇ ದಾಸೋಹ ನಡೆಸಿದ ನುಲಿಯ ಚಂದಯ್ಯ. ಇಷ್ಟಲಿಂಗ ನೀರಿಗೆ ಬಿದ್ದರೂ ಕೈಲಿದ್ದ ಕೆಲಸ ಬಿಡಲಿಲ್ಲ ಅಂತ ಅವರ ಕಥೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರ್ತಿದ್ದ ಮಾರಯ್ಯ ಒಂದಿನ ಹೆಚ್ಚು ತಂದಾಗ, ಇದು ನಮಗೆ ಬೇಡ, ವಾಪಸ್ ಸುರಿದು ಬಾ ಅಂದ ಲಕ್ಕಮ್ಮ.

ಸಣ್ಣವಳಿದ್ದಾಗ ಇವು ದುಡಿಮೆಯ ಪಾಠ ಅಂದುಕೊಂಡಿದ್ದೆ. ಈಗ ಬೇರೆ ಕಾಣ್ತು. ಚಂದಯ್ಯನಿಗೆ ತನ್ನ ಹಗ್ಗದ ದುಡ್ಡು ಯಾರ ಊಟ ಆಗುತ್ತೆ ಅಂತ ಗೊತ್ತಿತ್ತು. ಲಕ್ಕಮ್ಮನಿಗೆ ಎಷ್ಟು ಸಾಕು ಅಂತ ಗೊತ್ತಿತ್ತು. ಮಾಡುವ ಕೈ, ಉಣ್ಣುವ ಬಾಯಿ, ಯೋಚಿಸುವ ಮನಸ್ಸು ಒಂದೇ ಮನೆಯಲ್ಲಿದ್ದವು. ಲೂಮನ್ನಿನಲ್ಲಿ ಮಾರ್ಕ್ ಪರದೆಯ ಮೇಲಿನ ಅಂಕಿಗಳನ್ನ ಡಬ್ಬಿಗೆ ತುಂಬ್ತಾನೆ, ಅದು ಏನು ಅಂತ ಗೊತ್ತಿಲ್ಲ. ಅವನು ಮುಗಿಸಿದ ಒಂದೊಂದು ಫೈಲೂ ಜೆಮ್ಮಾಳ ಒಂದೊಂದು ಖೋಲಿ ಅಂತ ಕೊನೇಗೆ ತಿಳಿಯುತ್ತೆ. ನನ್ನ ಹೆಂಡತಿಗೆ ಹೀಗೆ ಮಾಡಿದ್ದು ನನ್ನದೇ ಕೈ! ನಾನೂ ಹೋದ ವರ್ಷ ಹನ್ನೊಂದು ತಿಂಗಳು ಒಂದು ಮಾಡ್ಯೂಲ್ ಬರೆದೆ. ಟಿಕೆಟ್ ನಂಬರ್ ಗೊತ್ತು, ಅದನ್ನ ಬಳಸೋರು ಯಾರು ಅಂತ ಇವತ್ತಿಗೂ ಕೇಳಿಲ್ಲ.

ಹಾಗಂತ ಕೆಲಸ ಬಿಡಲ್ಲ. ಇಎಂಐ ಇದೆ, ಮತ್ತೆ ಈ ಕೆಲಸ ನನಗೆ ಇಷ್ಟ ಕೂಡ. ಮೇಲಿನ ಖೋಲಿಯಾಕಿ ನನಗಿಂತ ಜಾಣೆ. ಬಗ್ ಸಿಕ್ಕಾಗ ಆಕಿಗೆ ಆಗೋ ಖುಷಿ ಕೆಳಗಿನಾಕಿಗೆ ರೊಟ್ಟಿ ಉಬ್ಬಿದಾಗಲೂ ಆಗಲ್ಲ. ಇಷ್ಟು ದಿನ ನಾನು ಆಕಿಯನ್ನ ದುಡಿಯೋ ಎತ್ತಿನ ಹಾಗೆ ನೋಡಿದೆ. ಒಳಗೆ ಹಾಕು, ಬಾಗಿಲು ಮುಚ್ಚು, ತಿಂಗಳ ಕೊನೆಗೆ ಸಂಬಳ ತಗೋ. ಅಪ್ಪ ಬಿದ್ದದ್ದು ಆಕಿಗೂ ತಿಳಿಯಬೇಕಿತ್ತು. ಅಪ್ಪ ಆಕಿಗೂ ಅಪ್ಪನೇ.

ಯುಗಾದಿ ಮುಗಿಸಿ ವಾಪಸ್ ಬಂದ ಸೋಮವಾರ ಎರಡು ಕೆಲಸ ಮಾಡಿದೆ. ಆ ಮಾಡ್ಯೂಲ್ ಯಾರಿಗೆ ಹೋಗುತ್ತೆ ಅಂತ ಮ್ಯಾನೇಜರನ್ನ ಕೇಳಿದೆ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿ ಹೇಳ್ತೀನಿ ಅಂದರು. ಎರಡನೆಯದು, ಫೋನು ಈಗ ಡ್ರಾದಲ್ಲಿ ಇರಲ್ಲ, ಕೀಬೋರ್ಡ್ ಪಕ್ಕ ಇರುತ್ತೆ. ಮಾನಿಟರ್ ಕೆಳಗೆ ಒಂದು ಹಳದಿ ಚೀಟಿ ಅಂಟಿಸಿದ್ದೀನಿ, ಕೆಳಗಿನಾಕಿ ಮೇಲಿನಾಕಿಗೆ ಬರೆದದ್ದು: “ಅವ್ವನ ಫೋನ್ ಬಂದ್ರ ಎತ್ತು. ಕಾಲ್‌ನವ್ರು ಎರಡು ನಿಮಿಷ ಕಾಯ್ತಾರ.”

ಮೊನ್ನೆ ಚಹಾ ಕೊಡೋಕೆ ಮೇಲೆ ಬಂದ ಅತ್ತೆ ಚೀಟಿ ಓದಿ, “ಯಾರಿಗಿ ಬರ್ದಿ ಇದು?” ಅಂದರು.

“ನನಗೇ ರೀ.”

ಅತ್ತೆ ನನ್ನನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿದರು. “ಆ ಸೀರಿಯಲ್ ಇನ್ನೂ ಬರೋದದ ಏನು?”

ಇದೆ. ಮೂರನೇ ಸೀಸನ್ ಮಾಡ್ತೀವಿ ಅಂತ ಕೊನೇ ಕಂತು ಬಂದ ದಿನವೇ ಹೇಳಿದ್ದಾರೆ. ಈ ಸಲ ಎಷ್ಟು ವರ್ಷ ಕಾಯಿಸ್ತಾರೋ ನೋಡೋಣ. ಬಂದಾಗ ಮತ್ತೆ ಇಲ್ಲೇ ಮಾತಾಡೋಣ. ಅಷ್ಟರೊಳಗೆ ನಿಮ್ಮ ಮನೆಯಲ್ಲೂ ಫೋನು ಡ್ರಾದಲ್ಲಿ ಹಾಕೋರು ಯಾರಾದರೂ ಇದ್ದರೆ, ಒಂದು ಹಳದಿ ಚೀಟಿ ಕೊಟ್ಟು ನೋಡಿ.