ಫ್ಲೆಕ್ಸ್ ನಿಷೇಧವೂ ಬಟ್ಟೆ ಮುದ್ರಿಸುವವರ ಅಂಗಡಿಯೂ

ಸೇಡಂ ತಾಲ್ಲೂಕಿನ ಆಡಕಿಯಂಥ ಊರಿನಲ್ಲಿ ಜಾತ್ರೆಯಿರಲಿ, ಉರುಸಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಯಾರದೋ ಹುಟ್ಟುಹಬ್ಬವಿರಲಿ, ಎಲ್ಲಕ್ಕಿಂತ ಮೊದಲು ಬಂದು ನಿಲ್ಲುವುದು ಫ್ಲೆಕ್ಸ್. ಕಾರ್ಯಕ್ರಮ ಮುಗಿದು ಜನ ಚದುರಿದ ಮೇಲೂ ಉಳಿಯುವುದು ಅದೇ. ಬಿಚ್ಚಿ ಒಯ್ದವರು ಅದನ್ನು ದನದ ಕೊಟ್ಟಿಗೆಗೆ ಹೊದಿಸುತ್ತಾರೆ, ತೊಗರಿಯ ರಾಶಿಯ ಮೇಲೆ ಮುಚ್ಚುತ್ತಾರೆ. ಕಲಬುರಗಿ ಸೀಮೆಯ ಬಿಸಿಲಿಗೆ ಅದು ಬಿರಿದು ಚೂರುಚೂರಾಗಿ ಹೊಲವನ್ನು ಸೇರುತ್ತದೆ. ಉಳಿದದ್ದು ತಿಪ್ಪೆಯ ಬೆಂಕಿಗೆ ಬೀಳುತ್ತದೆ. ಫ್ಲೆಕ್ಸ್ ಎಂಬುದು ಪಾಲಿಯೆಸ್ಟರ್ ಎಳೆಗಳ ಜಾಲಕ್ಕೆ ಪಿ.ವಿ.ಸಿ. ಪದರ ಹೊಂದಿಸಿದ ಹಾಳೆ. ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್‌ನಂಥ ವಿಷವಸ್ತುಗಳೂ ಹೊರಬೀಳುತ್ತವೆ. ಪರಿಸರದ ಸಭೆಗಳೂ ಈ ಚಾಳಿಗೆ ಹೊರತಲ್ಲ. 'ಪ್ಲಾಸ್ಟಿಕ್ ತ್ಯಜಿಸಿ' ಎಂಬ ಘೋಷಣೆಯನ್ನು ಪ್ಲಾಸ್ಟಿಕ್ಕಿನ ಮೇಲೆಯೇ ಅಚ್ಚು ಹಾಕಿಸಿ ವೇದಿಕೆಯ ಹಿಂದೆ ಕಟ್ಟುವ ವಿಪರ್ಯಾಸಕ್ಕೆ ಕೊರತೆಯಿಲ್ಲ.

ಇದೆಲ್ಲ ಕಾನೂನಿಗೆ ವಿರುದ್ಧವೆಂಬುದು ಅನೇಕರಿಗೆ ತಿಳಿದಿಲ್ಲ. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ಹೊರಡಿಸಿದ ಅಧಿಸೂಚನೆಯು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳೊಡನೆ ಪ್ಲಾಸ್ಟಿಕ್ ಬ್ಯಾನರ್, ತೋರಣ, ಬಾವುಟ ಹಾಗೂ ಫ್ಲೆಕ್ಸನ್ನೂ, ದಪ್ಪ ಎಷ್ಟೇ ಇರಲಿ, ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಬಂತು. ಆದರೆ ಅದು 100 ಮೈಕ್ರಾನಿಗಿಂತ ತೆಳುವಾದ ಬ್ಯಾನರುಗಳಿಗೆ ಮಾತ್ರ. ಪೇಟೆಯಲ್ಲಿ ಸಿಗುವ ಸಾಮಾನ್ಯ ಫ್ಲೆಕ್ಸ್ ಅದಕ್ಕಿಂತ ದಪ್ಪವಾಗಿದ್ದು ಆ ಬಲೆಯಿಂದ ಸಲೀಸಾಗಿ ನುಣುಚಿಕೊಳ್ಳುತ್ತದೆ. 2018ರ ಆಗಸ್ಟಿನಲ್ಲಿ ಹೈಕೋರ್ಟು ಸಿಡಿದೆದ್ದಾಗ ಬೆಂಗಳೂರಿನ ರಸ್ತೆಗಳಲ್ಲಿದ್ದ ಫ್ಲೆಕ್ಸುಗಳು ಕೆಲವೇ ದಿನಗಳಲ್ಲಿ ನೆಲಕ್ಕಿಳಿದವು. ಆಡಳಿತಕ್ಕೆ ಮನಸ್ಸಿದ್ದರೆ ಆಗದ ಕೆಲಸವೇನಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ. ಆದರೆ ರಾಜಧಾನಿಯ ಆ ಬಿಸಿ ಚಿಂಚೋಳಿಯ ಗುಡ್ಡಗಳ ತನಕ ಬರಲಿಲ್ಲ.

ನಿಷೇಧ ಸೋತಾಗಲೆಲ್ಲ ಅಧಿಕಾರಿಗಳನ್ನು ದೂರುವುದು ರೂಢಿ. ದೂರು ಸುಳ್ಳಲ್ಲ, ಆದರೆ ಅಪೂರ್ಣ. ಒಂದು ವಸ್ತುವನ್ನು ಬೇಡವೆಂದ ಆದೇಶವು ಅದರ ಬದಲು ಬರಬೇಕಾದ ವಸ್ತುವನ್ನು ತಯಾರಿಸುವವನ ಅಂಗಡಿ ಹೇಗೆ ನಡೆಯಬೇಕು ಎಂಬುದನ್ನು ಯೋಚಿಸಲೇ ಇಲ್ಲ. ಬಟ್ಟೆಯ ಮೇಲೆ ಅಚ್ಚು ಹಾಕುವ ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳನ್ನು ಕುರಿತು ಈ ಮಾತು.

ಕೆಲಸ ಸರಳ. ಮರದ ಚೌಕಟ್ಟಿಗೆ ಸೂಕ್ಷ್ಮ ಜಾಲರಿಯ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಹಿಂದೆ ಅದು ರೇಷ್ಮೆ, ಈಗ ಪಾಲಿಯೆಸ್ಟರ್. ಅದಕ್ಕೆ ಬೆಳಕಿಗೆ ಗಟ್ಟಿಯಾಗುವ ಲೇಪನ ಸವರಿ, ಒಣಗಿಸಿ, ಅಕ್ಷರ ಅಥವಾ ಚಿತ್ರವಿರುವ ಪಾರದರ್ಶಕ ಹಾಳೆಯನ್ನು ಮೇಲಿಟ್ಟು ಬಿಸಿಲಿಗೋ ದೀಪಕ್ಕೋ ಹಿಡಿಯುತ್ತಾರೆ. ಬೆಳಕು ತಾಗಿದ ಭಾಗ ಗಟ್ಟಿಯಾಗುತ್ತದೆ, ಅಕ್ಷರದ ನೆರಳಿನಲ್ಲಿದ್ದ ಭಾಗ ನೀರಿನಲ್ಲಿ ತೊಳೆದುಹೋಗುತ್ತದೆ. ಆ ತೆರೆದ ಜಾಲರಿಯ ಮೂಲಕ ರಬ್ಬರಿನ ಪಟ್ಟಿಯಿಂದ ಬಣ್ಣವನ್ನು ಕೆಳಗಿನ ಬಟ್ಟೆಗೆ ಒತ್ತಿದರೆ ಅಚ್ಚು ಮೂಡುತ್ತದೆ. ಎರಡು ಬಣ್ಣ ಬೇಕಾದರೆ ಎರಡು ಚೌಕಟ್ಟು, ಮೂರಾದರೆ ಮೂರು. ದೊಡ್ಡ ಯಂತ್ರ ಬೇಡ, ವಿದ್ಯುತ್ತು ಹೋದರೂ ಕೈ ನಿಲ್ಲದು. ಬಂಡವಾಳ ಕಡಿಮೆ ಇರುವ ಯುವಕರಿಗೆ ತಾಲ್ಲೂಕು ಕೇಂದ್ರಗಳಲ್ಲಿ ಇದು ಒಂದು ಕಾಲಕ್ಕೆ ಒಳ್ಳೆಯ ದಾರಿಯಾಗಿತ್ತು. ಲಗ್ನಪತ್ರಿಕೆ, ಕೈಚೀಲ, ಶಾಲೆಯ ಕ್ರೀಡಾ ಬನಿಯನ್ನು, ಸಂಘಟನೆಯ ಶಲ್ಯ, ಅಂಗಡಿಯ ಸ್ಟಿಕ್ಕರು ಎಲ್ಲವೂ ಅಲ್ಲಿಗೆ ಬರುತ್ತಿದ್ದವು.

ಫ್ಲೆಕ್ಸಿನ ಮುಂದೆ ಅದು ಸೋಲುವುದು ಗುಣಮಟ್ಟದಲ್ಲಲ್ಲ, ಲೆಕ್ಕದಲ್ಲಿ. ಒಂದು ಚೌಕಟ್ಟನ್ನು ಸಿದ್ಧಪಡಿಸಲು 300 ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳಿ. 300 ಚೀಲಗಳಿಗೆ ಅಚ್ಚು ಹಾಕಿದರೆ ಆ ಖರ್ಚು ಚೀಲವೊಂದಕ್ಕೆ ಒಂದು ರೂಪಾಯಿ. ಹತ್ತೇ ಚೀಲ ಬೇಕೆಂದರೆ ತಲಾ 30 ರೂಪಾಯಿ. ಒಂದೇ ಒಂದು ಬೇಕೆಂದರೆ ಮುನ್ನೂರೂ ಅದರ ತಲೆಯ ಮೇಲೆ. ಫ್ಲೆಕ್ಸ್ ಯಂತ್ರಕ್ಕೆ ಈ ಚಿಂತೆಯೇ ಇಲ್ಲ. ಕಂಪ್ಯೂಟರಿನಲ್ಲಿ ಭಾವಚಿತ್ರ ಕೂಡಿಸಿ, ಚದರಡಿಗೆ ಇಷ್ಟು ಎಂದು ಅಳೆದು, ಒಂದು ಪ್ರತಿಯನ್ನೂ ನೂರು ಪ್ರತಿಯಷ್ಟೇ ಸುಲಭವಾಗಿ, ಎಷ್ಟು ಬಣ್ಣ ಬೇಕೋ ಅಷ್ಟರಲ್ಲಿ ತೆಗೆದುಕೊಡುತ್ತದೆ. ಇಪ್ಪತ್ತು ಮುಖಗಳಿರುವ ಒಂದೇ ಬ್ಯಾನರು ಬೇಕೆನ್ನುವ ಗಿರಾಕಿಗೆ ಸ್ಕ್ರೀನ್ ಅಂಗಡಿಯು ಉತ್ತರ ಕೊಡಲಾರದು. ಅದು ಪ್ರಾಮಾಣಿಕವಾಗಿ ಒಪ್ಪಬೇಕಾದ ಸಂಗತಿ. ಫ್ಲೆಕ್ಸ್ ಇರುವಲ್ಲೆಲ್ಲ ಸ್ಕ್ರೀನ್ ಪ್ರಿಂಟಿಂಗ್ ಬರಲಿ ಎನ್ನುವ ಉತ್ಸಾಹಿಗಳು ಈ ಲೆಕ್ಕವನ್ನು ಮಾಡಿರುವುದಿಲ್ಲ.

ಇತ್ತ ಅಂಗಡಿಯ ಹಳೆಯ ಆಸರೆಗಳೂ ಒಂದೊಂದಾಗಿ ಜಾರಿವೆ. ಲಗ್ನಪತ್ರಿಕೆಯ ಒಂದು ಪಾಲು ಆಫ್‌ಸೆಟ್ ಮುದ್ರಣಕ್ಕೆ, ಮತ್ತೊಂದು ಪಾಲು ಮೊಬೈಲಿನ ವಾಟ್ಸಾಪಿಗೆ ಹೋಯಿತು. ಐದಾರು ಬನಿಯನ್ನುಗಳ ಕೆಲಸವನ್ನು ಹಾಳೆಯಿಂದ ಬಿಸಿಯೊತ್ತಿ ಅಂಟಿಸುವ ಹೊಸ ಯಂತ್ರಗಳು ಕಸಿದವು. ಉಳಿದದ್ದು ಋತುಮಾನದ ಕೆಲಸ: ಆಗಸ್ಟ್ 15, ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17, ನವೆಂಬರ್ 1, ಆಮೇಲೆ ಜಾತ್ರೆಗಳು, ನಡುವೆ ಎಂದೋ ಒಂದು ಚುನಾವಣೆ. ಇವುಗಳ ಹಿಂದುಮುಂದಿನ ದಿನಗಳಲ್ಲಿ ರಾತ್ರಿಯೆಲ್ಲ ದುಡಿಮೆ, ಉಳಿದ ದಿನಗಳಲ್ಲಿ ಬಾಡಿಗೆಯ ಚಿಂತೆ.

ಚುನಾವಣೆಯ ಕೆಲಸವೆಂದರೆ ಹಣದ ಹೊಳೆಯೆಂದು ಹೊರಗಿನವರು ತಿಳಿಯುತ್ತಾರೆ. ಬಾಕಿ ಉಳಿಯುವುದೂ ಅಲ್ಲಿಯೇ ಹೆಚ್ಚು. ಸೋತವರು ಕೊಡುವುದಿಲ್ಲ, ಗೆದ್ದವರನ್ನು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ವಿಧಿಯ ಪ್ರಕಾರ ಚುನಾವಣೆಯ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರಿಂದ ಇಬ್ಬರು ಸಾಕ್ಷಿಗಳು ದೃಢೀಕರಿಸಿದ ಘೋಷಣಾಪತ್ರ ಪಡೆದು, ಅಚ್ಚಾದ ಪ್ರತಿಯೊಡನೆ ಅಧಿಕಾರಿಗಳಿಗೆ ಕಳುಹಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೆ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಯಮ ಒಳ್ಳೆಯದೇ. ಆದರೆ ಅಚ್ಚು ಹಾಕಿದವನ ಹೆಸರು ಹಾಳೆಯ ಮೇಲೆ ಇರುತ್ತದೆ, ಹಣ ಕೊಡದವನ ಹೆಸರು ಎಲ್ಲಿಯೂ ಇರುವುದಿಲ್ಲ.

ಬಾಕಿಗೂ ಒಂದು ಕಾನೂನಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಖರೀದಿದಾರರು ಹಣ ಪಾವತಿಸಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಓದಲು ಹಿತವಾಗಿದೆ. ನೋಂದಣಿಯಿಲ್ಲದ, ರಸೀದಿ ಬರೆಯದ, ಪರಿಚಯದ ಮೇಲೆಯೇ ನಡೆಯುವ ಅಂಗಡಿಗೆ ಇದರಿಂದ ನಯಾಪೈಸೆಯ ಪ್ರಯೋಜನವಿಲ್ಲ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಮೊದಲಾಗಿ 18 ಕಸುಬುಗಳನ್ನು ಗುರುತಿಸಿತು. ಸ್ಕ್ರೀನ್ ಮುದ್ರಕರಾಗಲಿ, ಕುಂಚ ಹಿಡಿದು ಬೋರ್ಡು ಬರೆಯುವವರಾಗಲಿ ಆ ಪಟ್ಟಿಯಲ್ಲಿಲ್ಲ. ಕೈಯಿಂದಲೇ ದುಡಿದರೂ ಅವರು ಕುಶಲಕರ್ಮಿಗಳೂ ಅಲ್ಲ, ಕೈಗಾರಿಕೆಯೂ ಅಲ್ಲ.

ಮೇಲಿನ ಒಂದು ಸಾಲಿನ ತಿದ್ದುಪಡಿ ಕೆಳಗಿನ ಕಸುಬನ್ನು ಹೇಗೆ ಅಲುಗಿಸಬಲ್ಲದೆಂಬುದಕ್ಕೆ ದೊಡ್ಡ ಉದಾಹರಣೆ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕದಲ್ಲಿ ಖಾದಿಯ ರಾಷ್ಟ್ರಧ್ವಜಗಳು ತಯಾರಾಗುತ್ತವೆ. ಬಿಳಿಯ ಪಟ್ಟಿಯ ಎರಡೂ ಬದಿಗೆ, ಒಂದಕ್ಕೊಂದು ಕೂದಲೆಳೆಯೂ ಸರಿಯದಂತೆ ಅಶೋಕಚಕ್ರವನ್ನು ಮೂಡಿಸುವುದು ಇದೇ ಸ್ಕ್ರೀನ್ ಮುದ್ರಣ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರ್ ಹಾಗೂ ಯಂತ್ರನಿರ್ಮಿತ ಧ್ವಜಗಳಿಗೆ ಅವಕಾಶ ನೀಡಲಾಯಿತು. 2022ರ ಆಗಸ್ಟಿನ 'ಹರ್ ಘರ್ ತಿರಂಗಾ' ಅಭಿಯಾನದಲ್ಲಿ ಪಾಲಿಯೆಸ್ಟರ್ ಬಾವುಟಗಳ ಮಹಾಪೂರವೇ ಹರಿಯಿತು. ಅಮೃತ ಮಹೋತ್ಸವದ ವರ್ಷದಲ್ಲಿಯೇ ಬೆಂಗೇರಿಯ ಖಾದಿ ಧ್ವಜಕ್ಕೆ ಬೇಡಿಕೆ ಕುಸಿದು, ಅಲ್ಲಿನವರು ಪ್ರತಿಭಟನೆಗಿಳಿಯಬೇಕಾಯಿತು. ರಾಷ್ಟ್ರಧ್ವಜದ ಕಾರ್ಯಾಗಾರಕ್ಕೇ ಈ ಗತಿಯಾದರೆ ಸೇಡಮ್ಮಿನ ಗಲ್ಲಿಯಲ್ಲಿರುವ ಅಂಗಡಿಯ ಪಾಡನ್ನು ಕೇಳುವವರಾರು?

ಹಾಗೆಂದು ಬಟ್ಟೆಗೆ ಅಚ್ಚು ಹಾಕುವ ಕಸುಬು ತಾನಾಗಿಯೇ ಪರಿಸರಸ್ನೇಹಿಯೆಂದು ಹಾಡಿಹೊಗಳುವುದೂ ತಪ್ಪು. ಅಗ್ಗದ ಲೇಪನಗಳಲ್ಲಿ ಬೆರೆಸುವ ಬೈಕ್ರೋಮೇಟಿನಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಚೌಕಟ್ಟು ತೊಳೆದ ಹಳದಿ ನೀರು ಸೇರುವುದು ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ. ಸೇಡಂ, ಮಳಖೇಡಗಳನ್ನು ದಾಟಿ ಹರಿಯುವ ಕಾಗಿಣೆ ಕೊನೆಗೆ ಭೀಮೆಯನ್ನು ಸೇರುತ್ತದೆ. ಎಣ್ಣೆಬಣ್ಣಕ್ಕೆ ಸೀಮೆಎಣ್ಣೆ, ಥಿನ್ನರ್ ಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಉಸಿರಾಡುವವರು ಕೆಲಸದ ಹುಡುಗರು. ಬನಿಯನ್ನಿನ ಮೇಲೆ ರಬ್ಬರಿನಂತೆ ಉಬ್ಬಿನಿಲ್ಲುವ ಪ್ಲಾಸ್ಟಿಸಾಲ್ ಬಣ್ಣವು ಫ್ಲೆಕ್ಸಿನಂತೆಯೇ ಪಿ.ವಿ.ಸಿ. ಕುಲದ್ದು. ಇವಕ್ಕೆಲ್ಲ ಪರ್ಯಾಯಗಳಿವೆ. ಬೈಕ್ರೋಮೇಟಿಲ್ಲದ ಡೈಅಜೊ ಲೇಪನವಿದೆ, ನೀರಿನಲ್ಲಿ ಕಲಸುವ ಬಣ್ಣಗಳಿವೆ. ಬೆಲೆ ತುಸು ಹೆಚ್ಚು, ಬಣ್ಣ ನಿಲ್ಲಲು ಶಾಖ ಕೊಡುವ ಶ್ರಮವೂ ಹೆಚ್ಚು. ಒಂದೊಂದು ರೂಪಾಯಿಗೆ ಚೌಕಾಸಿ ನಡೆಯುವಲ್ಲಿ ಆ ಹೆಚ್ಚಳವನ್ನು ಮುದ್ರಕ ಒಬ್ಬನೇ ಹೊರಲಾರ.

ಚೀಲಗಳ ವಿಷಯದಲ್ಲಿ ಇನ್ನೊಂದು ಮೋಸವಿದೆ. ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ, ಅಗ್ಗದ ಚೀಲಗಳಲ್ಲಿ ಹೆಚ್ಚಿನವು ನೇಯದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. 2021ರ ಸೆಪ್ಟೆಂಬರ್ 30ರಿಂದ ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ತೂಕದ ಇಂಥ ಚೀಲಗಳಿಗೆ ಕೇಂದ್ರದ ನಿಯಮವು ಅವಕಾಶ ಕೊಡುವುದಿಲ್ಲ. ವಿದ್ಯಾರ್ಥಿಗಳು ಶಿಕ್ಷಕರ ಎದುರಿನಲ್ಲಿ ಸಣ್ಣ ತುಂಡಿಗೆ ಬೆಂಕಿ ತಾಗಿಸಿ ನೋಡಬಹುದು: ಹತ್ತಿ ಉರಿದು ಬೂದಿಯಾಗುತ್ತದೆ, ಇದು ಕರಗಿ ಮುದ್ದೆಯಾಗುತ್ತದೆ. ಆ ಚೀಲಕ್ಕೆ 'ಪರಿಸರ ಉಳಿಸಿ' ಎಂದು ಅಚ್ಚು ಹಾಕಿಕೊಡುವ ಅಂಗಡಿಯವನನ್ನು ಹಳಿಯುವ ಮೊದಲು, ಆ ಚೀಲವನ್ನೇ ಬೇಕೆಂದು ತಂದುಕೊಟ್ಟವರು ಯಾರೆಂದು ಕೇಳಬೇಕು.

ಆದ್ದರಿಂದ ಬದಲಾಗಬೇಕಾದದ್ದು ಮೊದಲು ಆರ್ಡರಿನ ಸ್ವರೂಪ. ಜಾತ್ರೆಯ ಸಮಿತಿಯ ಹೆಸರು, ಊರಿನ ಹೆಸರು, ದೇವರ ಚಿತ್ರ ವರ್ಷವರ್ಷವೂ ಬದಲಾಗುವುದಿಲ್ಲ. ಬದಲಾಗುವುದು ದಿನಾಂಕ ಮತ್ತು ಅತಿಥಿಗಳು ಮಾತ್ರ. ಬದಲಾಗದ ಭಾಗವನ್ನು ಹತ್ತಿಯ ಬಟ್ಟೆಗೆ ಒಮ್ಮೆ ಸ್ಕ್ರೀನಿನಲ್ಲಿ ಅಚ್ಚು ಹಾಕಿಸಿ, ಬದಲಾಗುವುದನ್ನು ಪ್ರತ್ಯೇಕ ಪಟ್ಟಿಯ ಮೇಲೆ ಕುಂಚದಿಂದ ಬರೆಸಿ ಕೆಳಗೆ ಹೊಲಿದರೆ ಒಂದೇ ಬ್ಯಾನರು ನಾಲ್ಕಾರು ವರ್ಷ ಬಾಳುತ್ತದೆ. ಮುದ್ರಕನಿಗೂ ಕೆಲಸ, ಕೆಲಸವಿಲ್ಲದೆ ಕುಳಿತ ಬೋರ್ಡು ಬರೆಯುವವರಿಗೂ ಕೆಲಸ. ಹತ್ತು ಶಾಲೆಗಳು ಬೇರೆಬೇರೆಯಾಗಿ ಹತ್ತು ಫ್ಲೆಕ್ಸ್ ಮಾಡಿಸುವ ಬದಲು ಒಂದೇ ಮಾದರಿಯನ್ನು ಒಪ್ಪಿ, ಶಾಲೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಒಟ್ಟಿಗೆ ಅಚ್ಚು ಹಾಕಿಸಿದರೆ, ಚೌಕಟ್ಟಿನ ಖರ್ಚು ಹತ್ತು ಪಾಲಾಗಿ ಹಂಚಿಹೋಗುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿಬೇಳೆಯನ್ನು ಮಹಿಳಾ ಸಂಘಗಳು ಹೊಲಿದ ಹತ್ತಿಯ ಚೀಲದಲ್ಲಿ, ಊರಿನ ಹೆಸರಿನ ಅಚ್ಚಿನೊಡನೆ ಮಾರಾಟಕ್ಕಿಟ್ಟರೆ ಅದು ಋತುಮಾನವನ್ನು ಅವಲಂಬಿಸದ ಕೆಲಸವಾಗುತ್ತದೆ. ಹುಟ್ಟುಹಬ್ಬದ ಬ್ಯಾನರಿಗಿಂತ ಅಂಥ ಚೀಲವೇ ಈ ಅಂಗಡಿಯ ಲೆಕ್ಕಕ್ಕೆ ಸರಿಹೊಂದುವ ವಸ್ತು.

ಗ್ರಾಮ ಪಂಚಾಯಿತಿಗಳು ತಮ್ಮ ಗ್ರಾಮಸಭೆ, ಲಸಿಕೆ, ಶೌಚಾಲಯ, ನೀರಿನ ಪ್ರಚಾರಕ್ಕೆ ಫ್ಲೆಕ್ಸನ್ನೇ ನೆಚ್ಚಿಕೊಂಡಿರುವವರೆಗೆ 2016ರ ಅಧಿಸೂಚನೆಯನ್ನು ಜನರಿಗೆ ಓದಿಹೇಳುವ ನೈತಿಕತೆ ಅವುಗಳಿಗಿಲ್ಲ. ವರ್ಷಕ್ಕೆ ಬೇಕಾಗುವ ಬಟ್ಟೆಯ ಫಲಕಗಳನ್ನು ಒಮ್ಮೆಲೇ ಲೆಕ್ಕ ಹಾಕಿ, ಹತ್ತಿರದ ಅಂಗಡಿಗೆ ಬರಹದಲ್ಲಿ ಆರ್ಡರು ಕೊಟ್ಟು, ಬೈಕ್ರೋಮೇಟ್ ಬೇಡ, ನೀರಿನ ಬಣ್ಣವೇ ಆಗಬೇಕು ಎಂದು ಅದರಲ್ಲಿಯೇ ನಮೂದಿಸಿ, ಆ ಹೆಚ್ಚಿನ ಬೆಲೆಯನ್ನು ಗೊಣಗದೆ ಕೊಡುವ ಒಂದು ಪಂಚಾಯಿತಿಯಾದರೂ ಮುಂದೆ ಬರಲಿ. ಪರಿಸರ ಸಂಘಟನೆಗಳಂತೂ ಅದಕ್ಕೂ ಕಾಯಬೇಕಾಗಿಲ್ಲ. ಮುಂದಿನ ಸಮಾವೇಶದ ಬ್ಯಾನರನ್ನು ಹಿಂದಿನ ದಿನ ಸಂಜೆ ನೆನಪಿಸಿಕೊಂಡರೆ ಫ್ಲೆಕ್ಸಿಗೆ ಹೋಗದೆ ಗತಿಯಿರುವುದಿಲ್ಲ. ಲೇಪನ ಒಣಗಬೇಕು, ಬಿಸಿಲು ಬರಬೇಕು, ಬಣ್ಣ ನಿಲ್ಲಬೇಕು. ಹದಿನೈದು ದಿನ ಮೊದಲೇ ಬಟ್ಟೆಯನ್ನೂ ಅರ್ಧ ಹಣವನ್ನೂ ಅಂಗಡಿಗೆ ಒಪ್ಪಿಸಿರಬೇಕು.